ಹೊಟ್ಟೆ ಕೆಡಿಸುವುದು ವೆನಿಲ್ಲಾವೋ, ಅದರ ಜೊತೆಗೆ ಬಂದದ್ದೋ?

ಗಂಗಾವತಿಯ ತಾಯಿ:

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದ ನನ್ನ ಮಗಳಿಗೆ ವೆನಿಲ್ಲಾ ಐಸ್‌ಕ್ರೀಮ್ ತಿಂದರೆ, ಅಥವಾ ಮದುವೆ ಮನೆಗಳಲ್ಲಿ ಬಡಿಸುವ ಕಸ್ಟರ್ಡ್ ಬೆರೆಸಿದ ಹಣ್ಣಿನ ಸಲಾಡ್ ತಿಂದರೆ, ಒಂದೆರಡು ತಾಸಿನೊಳಗೆ ಹೊಟ್ಟೆ ಉಬ್ಬರಿಸಿ, ಗುಡುಗುಡು ಸದ್ದಾಗಿ, ನೀರಿನಂತೆ ಭೇದಿಯಾಗುತ್ತದೆ. ಒಗ್ಗರಣೆ ಮಂಡಕ್ಕಿಯಾಗಲಿ, ಮಿರ್ಚಿ ಬಜ್ಜಿಯಾಗಲಿ ಅವಳಿಗೆ ಏನೂ ಮಾಡುವುದಿಲ್ಲ. ತೊಂದರೆ ಬರುವುದು ಈ ಸಿಹಿಗಳಿಂದ ಮಾತ್ರ. ನಮ್ಮ ಅತ್ತೆಯವರು ಇದೆಲ್ಲ ಎಸೆನ್ಸಿನ ದೋಷವೆಂದು ಖಚಿತವಾಗಿ ಹೇಳುತ್ತಾರೆ. ಶಿರಸಿ ಕಡೆಯ ಸಂಬಂಧಿಕರೊಬ್ಬರು ಅಸಲಿ ವೆನಿಲ್ಲಾ ಕೋಡುಗಳನ್ನು ತಂದುಕೊಟ್ಟು, ಇದು ಜೀರ್ಣಶಕ್ತಿಗೆ ಒಳ್ಳೆಯದು, ಇದನ್ನು ಬಳಸಿದರೆ ಮಗುವಿಗೆ ತೊಂದರೆಯಾಗದು ಎಂದರು. ಆ ಕೋಡನ್ನು ಸೀಳಿ, ಹಾಲಿನಲ್ಲಿ ಕುದಿಸಿ ಶಾವಿಗೆ ಪಾಯಸ ಮಾಡಿದಾಗಲೂ ಅದೇ ಉಬ್ಬರ, ಅದೇ ಭೇದಿ ಕಾಣಿಸಿಕೊಂಡಿತು. ಹಾಗಾದರೆ ಅಸಲಿಯಾಗಲಿ ನಕಲಿಯಾಗಲಿ, ವೆನಿಲ್ಲಾವೇ ಅವಳಿಗೆ ಒಗ್ಗುವುದಿಲ್ಲವೆಂದು ತಿಳಿಯಬೇಕೇ? ಶಾಲೆಯಲ್ಲಿ ವಾರಕ್ಕೊಬ್ಬರ ಹುಟ್ಟುಹಬ್ಬವಿರುತ್ತದೆ. ಕೇಕು ಬೇಡವೆಂದು ಎಷ್ಟು ಸಲ ತಡೆಯಲಿ?

ರಾಯಚೂರಿನ ಆಹಾರತಜ್ಞೆ:

ಉತ್ತರಿಸುವ ಮೊದಲು ಮೂರು ವಿಷಯ ತಿಳಿಯಬೇಕು. ಅವಳು ವೆನಿಲ್ಲಾ ಪರಿಮಳದ ಕ್ರೀಮ್ ಬಿಸ್ಕತ್ತು ತಿನ್ನುತ್ತಾಳೆಯೇ? ಮೊಸರನ್ನ ತಿನ್ನುತ್ತಾಳೆಯೇ? ಬರಿಯ ಹಾಲನ್ನು ಒಂದು ಲೋಟ ತುಂಬ ಕುಡಿದರೆ ಏನಾಗುತ್ತದೆ? ಇವುಗಳ ಜೊತೆಗೆ, ತಿಂದ ಕೂಡಲೇ ತುಟಿ ಊದುವುದು, ಮೈಮೇಲೆ ದದ್ದು ಏಳುವುದು, ವಾಂತಿ, ಉಸಿರಾಟದ ತೊಂದರೆ ಎಂದಾದರೂ ಆಗಿದೆಯೇ ಎಂಬುದನ್ನೂ ದಯವಿಟ್ಟು ತಿಳಿಸಿ. ಆಗಿದ್ದರೆ ಅದು ಅಲರ್ಜಿಯ ಲಕ್ಷಣವಾಗಿರಬಹುದು, ಮತ್ತು ಅದನ್ನು ಮನೆಯಲ್ಲಿ ಪರೀಕ್ಷಿಸಿ ನೋಡುವ ಸಾಹಸಕ್ಕೆ ಯಾರೂ ಇಳಿಯಬಾರದು.

ಗಂಗಾವತಿಯ ತಾಯಿ:

ದದ್ದು, ಊತ, ಉಸಿರಿನ ತೊಂದರೆ ಯಾವುದೂ ಎಂದೂ ಆಗಿಲ್ಲ. ಮೊಸರನ್ನ ದಿನವೂ ತಿನ್ನುತ್ತಾಳೆ. ಕ್ರೀಮ್ ಬಿಸ್ಕತ್ತು ಅವಳಿಗೆ ಬಹಳ ಇಷ್ಟ, ಅದರಿಂದ ಏನೂ ಆಗುವುದಿಲ್ಲ. ಹಾಲನ್ನು ಅವಳು ಐದಾರು ವರ್ಷದವಳಿದ್ದಾಗಲೇ ಬಿಟ್ಟಳು. ವಾಸನೆ ಸೇರದೆಂದು ಹೇಳುತ್ತಿದ್ದುದರಿಂದ ನಾವೂ ಒತ್ತಾಯ ಮಾಡಲಿಲ್ಲ.

ರಾಯಚೂರಿನ ಆಹಾರತಜ್ಞೆ:

ನೀವು ಕೊಟ್ಟ ಉತ್ತರಗಳಲ್ಲಿಯೇ ಬಹುಪಾಲು ವಿಷಯ ಅಡಗಿದೆ. ಬಿಸ್ಕತ್ತಿನಲ್ಲಿ ವೆನಿಲ್ಲಾ ಪರಿಮಳವಿದ್ದರೂ ತೊಂದರೆಯಿಲ್ಲ. ಐಸ್‌ಕ್ರೀಮ್, ಕಸ್ಟರ್ಡ್, ಪಾಯಸ ಮೂರರಲ್ಲೂ ತೊಂದರೆಯಿದೆ. ಈ ಮೂರರಲ್ಲಿ ಸಮಾನವಾಗಿರುವುದು ವೆನಿಲ್ಲಾದಷ್ಟೇ ಹಾಲು ಕೂಡ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವವು ನಮ್ಮಲ್ಲಿ ಬಹಳ ಜನರಿಗೆ ಬಾಲ್ಯ ಕಳೆಯುತ್ತಿದ್ದಂತೆ ಕ್ರಮೇಣ ಕಡಿಮೆಯಾಗುತ್ತದೆ, ದಕ್ಷಿಣ ಭಾರತದಲ್ಲಿ ಉತ್ತರಕ್ಕಿಂತ ಹೆಚ್ಚಾಗಿ. ಒಡೆಯದೆ ಉಳಿದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ತಲುಪಿ, ನೀರನ್ನು ಸೆಳೆದುಕೊಳ್ಳುತ್ತದೆ ಮತ್ತು ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಅನಿಲ ಉಂಟುಮಾಡುತ್ತವೆ; ನೀವು ವರ್ಣಿಸಿದ ಉಬ್ಬರ, ಸದ್ದು, ಭೇದಿ ಹೀಗೆಯೇ ಬರುತ್ತವೆ. ಮೊಸರಿನಲ್ಲಿ ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದಷ್ಟು ಭಾಗವನ್ನು ಮೊದಲೇ ಬಳಸಿಕೊಂಡಿರುವುದಲ್ಲದೆ, ಹೊಟ್ಟೆಯೊಳಗೂ ಅದನ್ನು ಒಡೆಯಲು ನೆರವಾಗುವುದರಿಂದ ಮೊಸರನ್ನ ಅವಳಿಗೆ ಒಗ್ಗುತ್ತಿದೆ.

ಈಗ ಪ್ರಮಾಣವನ್ನು ನೋಡಿ. ನನ್ನ ಬಳಿಗೆ ಬರುವವರಿಗೆ ನಾನು ಮೊದಲು ಮಾಡಿ ತೋರಿಸುವ ಲೆಕ್ಕ ಇದೇ. ಚೆನ್ನಾಗಿ ಹದಮಾಡಿದ ಒಂದು ವೆನಿಲ್ಲಾ ಕೋಡು ಸುಮಾರು 3 ಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳೋಣ. ಅದರಲ್ಲಿ ವೆನಿಲಿನ್ ಎಂಬ ಮುಖ್ಯ ಪರಿಮಳ ದ್ರವ್ಯ ಸುಮಾರು ಶೇ. 2, ಅಂದರೆ 60 ಮಿಲಿಗ್ರಾಂ. ಆ ಕೋಡನ್ನು ಒಂದು ಲೀಟರ್ ಹಾಲಿಗೆ ಹಾಕಿ ಐದು ಜನರಿಗೆ ಹಂಚಿದರೆ ಒಬ್ಬರ ಪಾಲಿಗೆ ಹೆಚ್ಚೆಂದರೆ 12 ಮಿಲಿಗ್ರಾಂ ವೆನಿಲಿನ್ ಬರುತ್ತದೆ. ಅದೇ ಬಟ್ಟಲಿನ 200 ಮಿಲಿಲೀಟರ್ ಹಾಲಿನಲ್ಲಿ 9ರಿಂದ 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಒಂದು ಮಿಲಿಗ್ರಾಂಗಳಲ್ಲಿ, ಇನ್ನೊಂದು ಗ್ರಾಂಗಳಲ್ಲಿ. ನಡುವೆ ಹತ್ತಿರ ಹತ್ತಿರ ಸಾವಿರ ಪಟ್ಟು ಅಂತರ. ಉಬ್ಬರ ಮತ್ತು ನೀರಿನ ಭೇದಿ ಹುದುಗುವ ಸಕ್ಕರೆಗಳಿಂದ ಬರುವಂಥವು, ಅವಕ್ಕೆ ಗ್ರಾಂಗಳಷ್ಟು ವಸ್ತು ಬೇಕು. ಮಿಲಿಗ್ರಾಂಗಳಲ್ಲಿ ಕೆಲಸ ಮಾಡುವುದು ಅಲರ್ಜಿ, ಆದರೆ ಅದರ ಲಕ್ಷಣಗಳು ಬೇರೆ. ಅದಕ್ಕಾಗಿಯೇ ದದ್ದು, ಊತದ ಬಗ್ಗೆ ಮೊದಲು ಕೇಳಿದೆ.

ಮದುವೆಯ ಹಣ್ಣಿನ ಸಲಾಡಿನ ವಿಷಯದಲ್ಲಿ ಇನ್ನೂ ಒಂದು ಮಾತು. ಅಲ್ಲಿ ಹಾಲಿನ ಜೊತೆಗೆ ಸೇಬು, ಮಾವು, ದಾಳಿಂಬೆ, ಬಾಳೆ ಎಲ್ಲವೂ ಒಂದೇ ಬಟ್ಟಲಿನಲ್ಲಿರುತ್ತವೆ. ಸೇಬಿನಲ್ಲಿ ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆ ಹೆಚ್ಚು, ಕರುಳು ಪೂರ್ತಿ ಹೀರಿಕೊಳ್ಳಲಾರದ ಸಾರ್ಬಿಟಾಲ್ ಎಂಬ ಸಿಹಿ ವಸ್ತು ಕೂಡ ಇದೆ. ಮಾವಿನಲ್ಲಿಯೂ ಫ್ರಕ್ಟೋಸ್ ಹೆಚ್ಚು. ಕರುಳು ಸೂಕ್ಷ್ಮವಾಗಿರುವವರಿಗೆ ಇವು ಹಾಲಿನ ಮೇಲೆ ಇನ್ನೊಂದು ಹೊರೆ. ಇಷ್ಟೆಲ್ಲ ಶಂಕಿತರು ಸಾಲಾಗಿ ನಿಂತಿರುವಾಗ, ವಾಸನೆ ಬೀರಿತೆಂಬ ಕಾರಣಕ್ಕೆ ವೆನಿಲ್ಲಾವನ್ನು ಹಿಡಿದು ಶಿಕ್ಷಿಸುವುದು ನ್ಯಾಯವಲ್ಲ.

ಬಳ್ಳಾರಿಯ ಹಿರಿಯ ಓದುಗ:

ಲೆಕ್ಕ ಒಪ್ಪುತ್ತೇನೆ, ಆದರೆ ಒಂದು ಅಸಮಾಧಾನವಿದೆ. ಅಂಗಡಿಯಲ್ಲಿ ಸಿಗುವ ಚಿಕ್ಕ ಶೀಶೆಯ ಎಸೆನ್ಸು ಪೆಟ್ರೋಲಿಯಂ ಮೂಲದಿಂದ ಮಾಡಿದ್ದೆಂದು ಓದಿದ್ದೇನೆ. ಅಂಥದ್ದನ್ನು ಮಕ್ಕಳ ಹೊಟ್ಟೆಗೆ ಹಾಕಿ, ಪ್ರಮಾಣ ಕಡಿಮೆಯಿದೆ ಎಂದು ಸಮಾಧಾನ ಮಾಡಿಕೊಳ್ಳುವುದು ಸರಿಯೇ? ನಮ್ಮ ಕಾಲದಲ್ಲಿ ಪಾಯಸಕ್ಕೆ ಏಲಕ್ಕಿ, ಜಾಯಿಕಾಯಿ ಇದ್ದವು; ಯಾರಿಗೂ ಹೊಟ್ಟೆ ಉಬ್ಬರಿಸುತ್ತಿರಲಿಲ್ಲ.

ಕೊಪ್ಪಳದ ರಸಾಯನಶಾಸ್ತ್ರ ಉಪನ್ಯಾಸಕ:

ಹಿರಿಯರ ಕಾಳಜಿಯನ್ನು ಗೌರವಿಸಿಯೇ ಕೆಲವು ವಿಷಯಗಳನ್ನು ಹೇಳಬಯಸುತ್ತೇನೆ. ಅಸಲಿ ವೆನಿಲ್ಲಾ ಎಂಬುದು ಮೆಕ್ಸಿಕೋ ಕಡೆಯ ಒಂದು ಸೀತಾಳೆ ಬಳ್ಳಿಯ ಕೋಡು. ಬೇರೆ ನಾಡುಗಳಲ್ಲಿ ಬಳ್ಳಿ ಬೆಳೆದರೂ ಕಾಯಿ ಕಟ್ಟುತ್ತಿರಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ ಹೂವನ್ನು ಕೈಯಿಂದ ಪರಾಗಸ್ಪರ್ಶ ಮಾಡುವ ಸುಲಭ ವಿಧಾನವನ್ನು ಕಂಡುಕೊಂಡ ಮೇಲೆಯೇ ಮಡಗಾಸ್ಕರ್ ಮುಂತಾದೆಡೆ ಇದು ದೊಡ್ಡ ಬೆಳೆಯಾಯಿತು. ನಮ್ಮ ರಾಜ್ಯದಲ್ಲಿ ಇದು ಮಲೆನಾಡು, ಕರಾವಳಿ, ಕೊಡಗಿನ ಬೆಳೆ. ನಮ್ಮ ಬಿಸಿಲು ಇದಕ್ಕೆ ಆಗಿಬರುವುದಿಲ್ಲ. ಹಸಿ ಕೋಡಿಗೆ ಪರಿಮಳವಿಲ್ಲ. ಅದರಲ್ಲಿ ವೆನಿಲಿನ್ ಒಂದು ಸಕ್ಕರೆಯ ಅಣುವಿಗೆ ಅಂಟಿಕೊಂಡಿರುತ್ತದೆ. ಬಿಸಿನೀರಿನಲ್ಲಿ ಅದ್ದಿ, ಬೆವರಿಸಿ, ಒಣಗಿಸಿ, ತಿಂಗಳುಗಟ್ಟಲೆ ಹದಮಾಡಿದಾಗ ಕೋಡಿನೊಳಗಿನ ಕಿಣ್ವಗಳು ಆ ಬಂಧವನ್ನು ಬಿಡಿಸಿ ವೆನಿಲಿನ್ ಹೊರಬರುತ್ತದೆ.

ಆ ವೆನಿಲಿನ್ ಎಂಬ ಅಣುವಿನಲ್ಲಿ ಎಂಟು ಇಂಗಾಲ, ಎಂಟು ಜಲಜನಕ, ಮೂರು ಆಮ್ಲಜನಕ ಪರಮಾಣುಗಳಿವೆ. 1874ರಲ್ಲಿಯೇ ಟೀಮನ್ ಮತ್ತು ಹಾರ್ಮನ್ ಎಂಬ ಜರ್ಮನ್ ವಿಜ್ಞಾನಿಗಳು ಶಂಕುಧಾರಿ ಮರಗಳಿಂದ ದೊರೆಯುವ ಕೊನಿಫೆರಿನ್‌ನಿಂದ ಇದನ್ನು ತಯಾರಿಸಿದರು. ಇಂದು ಬಹುಪಾಲು ವೆನಿಲಿನ್ ಗ್ವಾಯಕಾಲ್ ಎಂಬ ವಸ್ತುವಿನಿಂದ ಬರುತ್ತದೆ, ಅದರ ಮೂಲ ಪೆಟ್ರೋಲಿಯಂ ಎಂಬುದು ನಿಜ. ಮರದ ಲಿಗ್ನಿನ್‌ನಿಂದಲೂ ಮಾಡುತ್ತಾರೆ. ಅಕ್ಕಿ ತೌಡಿನಲ್ಲಿರುವ ಫೆರುಲಿಕ್ ಆಮ್ಲವನ್ನು ಸೂಕ್ಷ್ಮಜೀವಿಗಳಿಂದ ಪರಿವರ್ತಿಸಿ ವೆನಿಲಿನ್ ಮಾಡುವ ಕ್ರಮವೂ ಇದೆ. ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಿಂದ ರಾಶಿರಾಶಿ ತೌಡು ಹೊರಬೀಳುವುದನ್ನು ನೋಡುವ ನಮಗೆ ಇದು ಕುತೂಹಲದ ಸಂಗತಿ. ಎಲ್ಲಿಂದ ಬಂದರೂ ಶುದ್ಧೀಕರಿಸಿದ ಅಣು ಅದೇ. ಯಕೃತ್ತು ಅದನ್ನು ಬಹುಪಾಲು ವೆನಿಲಿಕ್ ಆಮ್ಲವಾಗಿಸಿ ಮೂತ್ರದ ಮೂಲಕ ಹೊರಹಾಕುತ್ತದೆ, ಮೂಲ ಯಾವುದೆಂದು ವಿಚಾರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 10 ಮಿಲಿಗ್ರಾಂವರೆಗೆ ವೆನಿಲಿನ್ ಸೇವನೆಯನ್ನು ಸ್ವೀಕಾರಾರ್ಹವೆಂದು ನಿಗದಿಪಡಿಸಿದೆ. 25 ಕಿಲೋ ತೂಕದ ಮಗುವಿಗೆ ಅದು 250 ಮಿಲಿಗ್ರಾಂ. ಮೇಲಿನ ಲೆಕ್ಕದ ಪಾಯಸವನ್ನು ಇಪ್ಪತ್ತು ಬಟ್ಟಲು ತಿಂದರೂ ಆ ಮಿತಿ ಮುಟ್ಟುವುದಿಲ್ಲ.

ಇಲ್ಲೊಂದು ವಿಪರ್ಯಾಸವೂ ಇದೆ. ಅಸಲಿ ಕೋಡಿನಲ್ಲಿ ವೆನಿಲಿನ್ ಅಲ್ಲದೆ ಇನ್ನೂ ನೂರಾರು ಪರಿಮಳ ದ್ರವ್ಯಗಳಿರುತ್ತವೆ. ರುಚಿಯ ಆಳ ಬರುವುದು ಅವುಗಳಿಂದ. ಆದ್ದರಿಂದ ಸೂಕ್ಷ್ಮ ಪ್ರಕೃತಿಯವರಿಗೆ ಅಸಲಿಯೇ ಸುರಕ್ಷಿತ ಎಂಬ ಮಾತಿಗೆ ಆಧಾರವಿಲ್ಲ. ಚರ್ಮದ ವಿಷಯದಲ್ಲಂತೂ ಪೆರು ಬಾಲ್ಸಂ ಎಂಬ ರಾಳಕ್ಕೆ ಅಲರ್ಜಿಯಿರುವವರಿಗೆ ವೈದ್ಯರು ಕೆಲವೊಮ್ಮೆ ಅಸಲಿ, ಕೃತಕ ಎಂಬ ಭೇದವಿಲ್ಲದೆ ವೆನಿಲ್ಲಾವನ್ನು ಬಿಡಲು ಹೇಳುತ್ತಾರೆ, ಏಕೆಂದರೆ ಆ ರಾಳದಲ್ಲಿಯೂ ವೆನಿಲಿನ್ ಇದೆ.

ಬಳ್ಳಾರಿಯ ಹಿರಿಯ ಓದುಗ:

ವಿವರಣೆಗೆ ಧನ್ಯವಾದ. ಏಲಕ್ಕಿಯ ಮೇಲಿನ ನನ್ನ ಪಕ್ಷಪಾತವನ್ನು ಬಿಡಲಾರೆ, ಆದರೆ ಅದು ರುಚಿಯ ಪ್ರಶ್ನೆಯೆಂದು ಒಪ್ಪುತ್ತೇನೆ. ಹಾಗಿದ್ದರೆ ವೆನಿಲ್ಲಾ ಜೀರ್ಣಕ್ಕೆ ಒಳ್ಳೆಯದು, ಕರುಳಿನ ಉರಿಯೂತ ಇಳಿಸುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶಗಳ ಗತಿಯೇನು?

ರಾಯಚೂರಿನ ಆಹಾರತಜ್ಞೆ:

ಪ್ರಯೋಗಾಲಯದಲ್ಲಿ ಇಲಿಗಳಿಗೆ ರಾಸಾಯನಿಕದಿಂದ ಕರುಳಿನ ಉರಿಯೂತ ಉಂಟುಮಾಡಿ, ಬಳಿಕ ವೆನಿಲಿನ್ ಕೊಟ್ಟಾಗ ಉರಿಯೂತ ತಗ್ಗಿದ್ದನ್ನು ವಿಜ್ಞಾನಿಗಳು ವರದಿ ಮಾಡಿದ್ದಾರೆ. ಆದರೆ ಅಲ್ಲಿ ಕೊಟ್ಟದ್ದು ಔಷಧದ ಪ್ರಮಾಣ, ತಿಂಡಿಗೆ ಹಾಕುವ ಹನಿಯಲ್ಲ. ಐಸ್‌ಕ್ರೀಮ್ ತಿಂದು ಕರುಳು ಗುಣಪಡಿಸಿಕೊಳ್ಳುವ ಆಸೆಯನ್ನು ಆ ಫಲಿತಾಂಶ ಯಾರಿಗೂ ಕೊಡುವುದಿಲ್ಲ. ವೆನಿಲ್ಲಾದಿಂದ ನಾನು ಕಂಡ ಒಂದೇ ಉಪಯೋಗ ಬೇರೆ ಬಗೆಯದು: ಹಲವು ಪದಾರ್ಥಗಳನ್ನು ಬಿಡಬೇಕಾಗಿ ಬಂದವರಿಗೆ ಊಟ ಸಪ್ಪೆಯಾಗುತ್ತದೆ, ಅಂಥವರ ರಾಗಿ ಗಂಜಿಗೋ ಅಕ್ಕಿಯ ಪಾಯಸಕ್ಕೋ ಎರಡು ಹನಿ ವೆನಿಲ್ಲಾ ಹಾಕಿದರೆ ಸಕ್ಕರೆ ಕಡಿಮೆಯಿದ್ದರೂ ಸಿಹಿಯೆನಿಸುತ್ತದೆ. ಕರುಳಿನ ಕಿರಿಕಿರಿಗೆ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ, ಹುದುಗುವ ಸಕ್ಕರೆಗಳನ್ನು ಕೆಲ ವಾರ ಕಡಿಮೆ ಮಾಡುವ ಆಹಾರಕ್ರಮದಲ್ಲಿಯೂ, ಅಡುಗೆಗೆ ಹಾಕುವಷ್ಟು ವೆನಿಲ್ಲಾಕ್ಕೆ ಅಡ್ಡಿಯಿಲ್ಲ.

ಸಿಂಧನೂರಿನ ಮನೆ ಬೇಕರಿ:

ಮನೆಯಲ್ಲಿಯೇ ಕೇಕು ಮಾಡಿ ಮಾರುವವಳಾದ್ದರಿಂದ ಒಳಗಿನ ವಿಷಯ ಸ್ವಲ್ಪ ಹೇಳಬಲ್ಲೆ. ಗ್ರಾಹಕರು ಬಂದು, ಹೊಟ್ಟೆಗೆ ತೊಂದರೆಯಾಗದಂತೆ ವಿದೇಶಿ ವೆನಿಲ್ಲಾ ಹಾಕಿ ಕೊಡಿ, ದುಡ್ಡು ಎಷ್ಟಾದರೂ ಸರಿ ಎನ್ನುತ್ತಾರೆ. ಒಂದು ಕಿಲೋ ಕೇಕಿಗೆ ನಾನು ಹಾಕುವುದು ಒಂದು ಚಿಕ್ಕ ಚಮಚ ಎಸೆನ್ಸು. ಅದೇ ಕೇಕಿಗೆ ಮೈದಾ, ಮಂದಗೊಳಿಸಿದ ಹಾಲು, ಹಾಲಿನ ಪುಡಿ ಧಾರಾಳವಾಗಿ ಹೋಗುತ್ತವೆ, ಮೇಲೆ ಕ್ರೀಮು ಬೇರೆ. ಮೊಟ್ಟೆಯಿಲ್ಲದ ಕೇಕಿನಲ್ಲಿ ಮೊಟ್ಟೆಯ ಜಾಗ ತುಂಬುವುದೇ ಮಂದಗೊಳಿಸಿದ ಹಾಲು ಮತ್ತು ಮೊಸರು, ಹಾಗಾಗಿ ಹಾಲು ಒಗ್ಗದವರಿಗೆ ಮೊಟ್ಟೆಯಿಲ್ಲದ ಕೇಕು ಮೊಟ್ಟೆಯ ಕೇಕಿಗಿಂತ ಹೆಚ್ಚು ಕಷ್ಟ ಕೊಡಬಹುದು. ಸಸ್ಯಾಹಾರವೆಂಬ ಹಸಿರು ಚುಕ್ಕೆ ನೋಡಿ ಹಾಲಿಲ್ಲವೆಂದು ಭಾವಿಸುವವರಿದ್ದಾರೆ. ಆ ಚುಕ್ಕೆಗೂ ಹಾಲಿಗೂ ಸಂಬಂಧವಿಲ್ಲ. ಐಸ್‌ಕ್ರೀಮ್ ಅಂಗಡಿಗಳಲ್ಲಿ ಸಿಗುವ ಫ್ರೋಜನ್ ಡೆಸರ್ಟ್ ಎಂಬುದರಲ್ಲಿ ಹಾಲಿನ ಕೊಬ್ಬಿನ ಬದಲು ತಾಳೆ ಮುಂತಾದ ಎಣ್ಣೆ ಇರುತ್ತದೆ, ಆದರೆ ಸಾಮಾನ್ಯವಾಗಿ ಹಾಲಿನ ಘನಾಂಶ ಹಾಗೆಯೇ ಇರುವುದರಿಂದ ಲ್ಯಾಕ್ಟೋಸ್ ತಪ್ಪುವುದಿಲ್ಲ.

ಇನ್ನು ಅಸಲಿ ವೆನಿಲ್ಲಾ ಸಾರದಲ್ಲಿ ಮದ್ಯಸಾರವಿರುತ್ತದೆ. ಅಮೆರಿಕದ ನಿಯಮದಂತೆ ಅದು ಕನಿಷ್ಠ ಶೇ. 35 ಇರಬೇಕು. ಬೇಯಿಸಿದ ಕೇಕಿನಲ್ಲಿ ಬಹುಪಾಲು ಆರಿಹೋಗುತ್ತದೆ, ಬೇಯಿಸದ ಕ್ರೀಮಿನಲ್ಲಿ ಉಳಿಯುತ್ತದೆ. ಧಾರ್ಮಿಕ ಕಾರಣಕ್ಕೋ, ಕುಡಿತ ಬಿಟ್ಟವರಿರುವ ಮನೆಯೆಂದೋ ಅದು ಬೇಡವಾದವರಿಗೆ ನಾನು ಕೋಡನ್ನು ಸಕ್ಕರೆಯ ಡಬ್ಬಿಯಲ್ಲಿ ಹೂತಿಟ್ಟು, ಪರಿಮಳ ಹಿಡಿದ ಆ ಸಕ್ಕರೆಯನ್ನೇ ಬಳಸುತ್ತೇನೆ.

ಮಾನ್ವಿಯ ವಿದ್ಯಾರ್ಥಿ:

ವ್ಯಾಯಾಮಶಾಲೆಗೆ ಹೋಗುವ ನಾನು ವೆನಿಲ್ಲಾ ರುಚಿಯ ಪ್ರೋಟೀನ್ ಪುಡಿ ಬಳಸುತ್ತೇನೆ. ಸಂಜೆಯಾಗುವಷ್ಟರಲ್ಲಿ ವಾಯು ತುಂಬಿ ತರಗತಿಯಲ್ಲಿ ಕೂರಲಾಗುವುದಿಲ್ಲ. ಚಾಕಲೇಟಿನ ರುಚಿಗೆ ಬದಲಾಯಿಸಿದರೆ ಸರಿಹೋಗುವುದೇ?

ರಾಯಚೂರಿನ ಆಹಾರತಜ್ಞೆ:

ರುಚಿ ಬದಲಾಯಿಸಿ ಪ್ರಯೋಜನವಿಲ್ಲ, ಡಬ್ಬಿಯ ಹಿಂಬದಿ ಓದಿ. ವೇ (ಹಾಲು ಒಡೆದಾಗ ಉಳಿಯುವ ತಿಳಿನೀರು) ಕಾನ್ಸಂಟ್ರೇಟ್ ಎಂದಿದ್ದರೆ ಅದರಲ್ಲಿ ಲ್ಯಾಕ್ಟೋಸ್ ಉಳಿದಿರುತ್ತದೆ, ಐಸೊಲೇಟ್ ಎಂದಿದ್ದರೆ ಬಹಳ ಕಡಿಮೆ. ಇನುಲಿನ್ ಅಥವಾ ಚಿಕೋರಿ ಬೇರಿನ ನಾರು ಎಂದಿದ್ದರೆ ಅದು ಈರುಳ್ಳಿ, ಬೆಳ್ಳುಳ್ಳಿ, ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಹುದುಗುವ ಸಕ್ಕರೆಗಳ ಜಾತಿಯದೇ, ಚೆನ್ನಾಗಿ ವಾಯು ಮಾಡುತ್ತದೆ. ಸಕ್ಕರೆರಹಿತ ಎಂದು ಬರೆದ ಸಿಹಿಗಳಲ್ಲಿ ಮಾಲ್ಟಿಟಾಲ್, ಸಾರ್ಬಿಟಾಲ್ ಇದ್ದರೆ ಭೇದಿಯೂ ಆಗಬಹುದು. ಇವುಗಳ ಪ್ರಮಾಣ ಹೆಚ್ಚಿದ್ದಾಗ ಭೇದಿಯ ಎಚ್ಚರಿಕೆಯನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು ನಮ್ಮ ದೇಶದ ನಿಯಮವೇ ಇದೆ.

ಗಂಗಾವತಿಯ ತಾಯಿ:

ಎಲ್ಲವನ್ನೂ ಓದಿ ಅತ್ತೆಯವರಿಗೂ ಹೇಳಿದೆ. ಅವರು ಅರ್ಧ ಒಪ್ಪಿದ್ದಾರೆ. ಹಾಲೇ ಕಾರಣವೆಂದು ಮನೆಯಲ್ಲಿ ಖಚಿತಪಡಿಸಿಕೊಳ್ಳುವ ಬಗೆ ಇದೆಯೇ? ವೆನಿಲ್ಲಾ ಹಾಕಿದ ಒಂದು ಬಟ್ಟಲು, ಹಾಕದ ಒಂದು ಬಟ್ಟಲು ಕೊಟ್ಟು ನೋಡಲೇ?

ರಾಯಚೂರಿನ ಆಹಾರತಜ್ಞೆ:

ಆ ಬಗೆಯಲ್ಲಿ ಒಂದು ತೊಡಕಿದೆ. ವೆನಿಲ್ಲಾದ ವಾಸನೆಯನ್ನು ಮುಚ್ಚಿಡಲಾಗುವುದಿಲ್ಲ. ಹಿಂದೆ ಹೊಟ್ಟೆನೋವು ಬಂದ ನೆನಪಿರುವ ಮಗುವಿಗೆ ಆ ವಾಸನೆಯೇ ನೋವು ತರಿಸಬಲ್ಲದು, ಮತ್ತು ಅದು ನಾಟಕವಲ್ಲ, ನಿಜವಾಗಿಯೂ ಆಗುವ ನೋವು. ಆದ್ದರಿಂದ ತಿರುಗಿಸಿ ಮಾಡಿ: ಎರಡೂ ಬಾರಿ ವೆನಿಲ್ಲಾ ಇರಲಿ, ಹಾಲು ಮಾತ್ರ ಬದಲಾಗಲಿ. ಒಂದು ದಿನ ನೀರಿನಲ್ಲಿ ಬೇಯಿಸಿದ ಸೋನಾ ಮಸೂರಿ ಗಂಜಿಗೆ ಸಕ್ಕರೆ ಮತ್ತು ವೆನಿಲ್ಲಾ ಹಾಕಿ ಕೊಡಿ. ಕೆಲವು ದಿನ ಬಿಟ್ಟು, ಹೊಟ್ಟೆ ಸರಿಯಿರುವಾಗ, ಅದೇ ಅಕ್ಕಿ, ಅದೇ ಸಕ್ಕರೆ, ಅದೇ ವೆನಿಲ್ಲಾವನ್ನು ಒಂದು ಲೋಟ ಹಾಲಿನಲ್ಲಿ ಮಾಡಿ ಕೊಡಿ. ಆ ದಿನಗಳಲ್ಲಿ ಹೊಸ ತಿಂಡಿ, ಹೆಚ್ಚು ಹಣ್ಣು ಬೇಡ. ಹಾಲಿನ ದಿನ ಮಾತ್ರ ಉಬ್ಬರಿಸಿದರೆ ಉತ್ತರ ಬಹುಮಟ್ಟಿಗೆ ಸಿಕ್ಕಿತು. ದೃಢಪಡಿಸಲು ಉಸಿರಿನಲ್ಲಿ ಜಲಜನಕ ಅಳೆಯುವ ಪರೀಕ್ಷೆಯಿದೆ.

ಉತ್ತರ ಹಾಲೆಂದಾದರೂ ಪೂರ್ತಿ ಬಿಡಿಸಬೇಡಿ. ಲ್ಯಾಕ್ಟೋಸ್ ಒಗ್ಗದವರಲ್ಲಿ ಬಹುತೇಕರು ಒಂದು ಸಲಕ್ಕೆ 12 ಗ್ರಾಂವರೆಗೆ, ಅದರಲ್ಲೂ ಊಟದ ಜೊತೆಗೆ, ಹೆಚ್ಚು ತೊಂದರೆಯಿಲ್ಲದೆ ತಾಳಿಕೊಳ್ಳುತ್ತಾರೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿದೆ. ನಿಮ್ಮ ಮಗಳ ಮಿತಿ ಅದಕ್ಕಿಂತ ಕೆಳಗಿರುವಂತಿದೆ, ಎಲ್ಲಿದೆ ಎಂಬುದನ್ನು ಸಣ್ಣ ಅಳತೆಯಿಂದ ತಿಳಿಯಬಹುದು. ಮೊಸರು, ಮಜ್ಜಿಗೆ ಮುಂದುವರಿಯಲಿ. ಬೆಳೆಯುವ ಮಗುವಿಗೆ ಸುಣ್ಣದ ಅಂಶ ಬೇಕು, ರಾಗಿ ಮತ್ತು ಎಳ್ಳು ಅದಕ್ಕೆ ನೆರವಾಗುತ್ತವೆ. ಆದರೆ ತೂಕ ಇಳಿಯುವುದು, ಎತ್ತರ ಬೆಳೆಯದಿರುವುದು, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಮದ್ದಿಗೂ ಬಗ್ಗದ ರಕ್ತಹೀನತೆ, ಇವುಗಳಲ್ಲಿ ಒಂದಿದ್ದರೂ ಮನೆಯ ಪ್ರಯೋಗ ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ.

ಸಿರುಗುಪ್ಪದಿಂದ, ಗೋಧಿ ಬಿಟ್ಟವರು:

ನನಗೆ ಸೀಲಿಯಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲುಟೆನ್ ತಿಂದರೆ ನನ್ನ ದೇಹವೇ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ವೆನಿಲ್ಲಾದಲ್ಲಿ ಗ್ಲುಟೆನ್ ಇಲ್ಲ, ಕಸ್ಟರ್ಡ್ ಪುಡಿ ಕೂಡ ಸಾಮಾನ್ಯವಾಗಿ ಮೆಕ್ಕೆಜೋಳದ ಪಿಷ್ಟ. ನಮ್ಮಂಥವರಿಗೆ ಅಪಾಯ ಬೇರೆಡೆಯಿಂದ ಬರುತ್ತದೆ. ವೆನಿಲ್ಲಾ ಮಾಲ್ಟ್ ಪಾನೀಯವೆಂದರೆ ಬಾರ್ಲಿ. ಅಂಗಡಿಯ ಇಂಗಿನಲ್ಲಿ ಬಹಳಷ್ಟು ಸಲ ಗೋಧಿಹಿಟ್ಟು ಬೆರೆತಿರುತ್ತದೆ, ಸಾರಿಗೆ ಚಿಟಿಕೆ ಹಾಕುವಾಗ ಯಾರೂ ಅದನ್ನು ಯೋಚಿಸುವುದಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಗಿರಣಿ. ಜೋಳದ ನಾಡಿನಲ್ಲಿ ಹುಟ್ಟಿದ ನಮಗೆ ರೊಟ್ಟಿ ಇರುವಾಗ ಗೋಧಿ ಬಿಡುವುದು ಸುಲಭವೆಂದು ಎಲ್ಲರೂ ಸಮಾಧಾನ ಹೇಳಿದರು, ಆದರೆ ಓಣಿಯ ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲಿಯೇ ಜೋಳ ಬೀಸಿದರೆ ಆ ಹಿಟ್ಟು ನಮಗೆ ಉಪಯೋಗಕ್ಕಿಲ್ಲ. ಗ್ಲುಟೆನ್ ರಹಿತವೆಂದು ಮುದ್ರಿಸಲು ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಗಿರಣಿಯ ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ಅದನ್ನು ಸುಲಭವಾಗಿ ಮೀರಿಸುತ್ತದೆ. ನಾವು ಈಗ ಮನೆಯಲ್ಲಿಯೇ ಚಿಕ್ಕ ಯಂತ್ರ ಇಟ್ಟುಕೊಂಡಿದ್ದೇವೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಸೀಲಿಯಕ್ ಇರಬಹುದೆಂಬ ಅನುಮಾನವಿದ್ದರೆ ರಕ್ತಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ. ಬಿಟ್ಟು ಕೆಲ ಕಾಲವಾದರೆ ರಕ್ತದಲ್ಲಿನ ಸೂಚಕಗಳು ಇಳಿದು, ಕಾಯಿಲೆ ಇದ್ದರೂ ಇಲ್ಲವೆಂಬ ವರದಿ ಬರಬಹುದು.

ಸಿಂಧನೂರಿನ ಮನೆ ಬೇಕರಿ:

ಸಿರುಗುಪ್ಪದವರಂಥ ಗ್ರಾಹಕರು ಕೇಳಿದರೆ ನಾನು ಕೇಕು ಒಪ್ಪಿಕೊಳ್ಳುವುದಿಲ್ಲ, ಏಕೆಂದರೆ ನನ್ನ ಅಡುಗೆಮನೆಯ ಗಾಳಿಯಲ್ಲಿಯೇ ಮೈದಾ ಹಾರಾಡುತ್ತದೆ. ಹಾಲು ಮಾತ್ರ ಒಗ್ಗದ ಮಗುವಿಗಾದರೆ ಮಾಡಬಹುದು: ಹಾಲಿನ ಬದಲು ತೆಂಗಿನ ಹಾಲು, ಬೆಣ್ಣೆಯ ಬದಲು ಎಣ್ಣೆ, ಒಂದು ಚಮಚ ವಿನೆಗರ್ ಮತ್ತು ಅಡುಗೆ ಸೋಡಾ, ಮಾಮೂಲಿ ವೆನಿಲ್ಲಾ. ಜೋಳದ ಹಿಟ್ಟಿನಲ್ಲಿ ಮನೆಯಲ್ಲಿ ಮಾಡಿಕೊಳ್ಳುವವರು ಸ್ವಲ್ಪ ಇಸಬಗೋಲು ಹೊಟ್ಟನ್ನು ನೀರಿನಲ್ಲಿ ನೆನೆಸಿ ಸೇರಿಸಿದರೆ ಕೇಕು ಪುಡಿಯಾಗದೆ ನಿಲ್ಲುತ್ತದೆ.

ಗಂಗಾವತಿಯ ತಾಯಿ:

ಗಂಜಿಯ ದಿನ ಏನೂ ಆಗಲಿಲ್ಲ. ಹಾಲಿನ ದಿನ ಮಧ್ಯಾಹ್ನದೊಳಗೆ ಹಳೆಯ ಕಥೆಯೇ. ಅತ್ತೆಯವರು ಎದುರಿಗೇ ಇದ್ದರು. ಮುಂದಿನ ವಾರ ಸಂಬಂಧಿಕರ ಮದುವೆಯಿದೆ. ಪೊಟ್ಟಣದ ತಿನಿಸು ಕೈಗೆ ಬಂದರೆ ಲೇಬಲಿನಲ್ಲಿ ಎಲ್ಲಿ ನೋಡಬೇಕೆಂದು ಯಾರಾದರೂ ತಿಳಿಸಿ.

ಕೊಪ್ಪಳದ ರಸಾಯನಶಾಸ್ತ್ರ ಉಪನ್ಯಾಸಕ:

2020ರ ಲೇಬಲ್ ನಿಯಮಗಳಂತೆ ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಜಾತಿಯವು, ಶೇಂಗಾ ಮತ್ತು ಮರದ ಬೀಜಗಳು, ಸೋಯಾ, ಹೆಚ್ಚಿನ ಪ್ರಮಾಣದ ಸಲ್ಫೈಟ್ ಇವುಗಳಿದ್ದರೆ ಪದಾರ್ಥಗಳ ಪಟ್ಟಿಯ ಬಳಿ ಕಂಟೇನ್ಸ್ ಎಂಬ ಮಾತಿನೊಂದಿಗೆ ತೋರಿಸಬೇಕು. ಮೊದಲು ಆ ಸಾಲು ಹುಡುಕಿ, ಹಾಲು ಇದೆಯೇ ನೋಡಿ. ಪರಿಮಳದ ಸಾಲು ಬೇರೆ ಇರುತ್ತದೆ: ನೈಸರ್ಗಿಕ, ನಿಸರ್ಗಸಮಾನ, ಕೃತಕ ಎಂದು. ಪ್ರಯೋಗಾಲಯದ ವೆನಿಲಿನ್ ನಿಸರ್ಗಸಮಾನ ವರ್ಗದ್ದು; ಅದಕ್ಕಿಂತ ಹಲವು ಪಟ್ಟು ತೀಕ್ಷ್ಣವಾದ, ನಿಸರ್ಗದಲ್ಲಿ ಸಿಗದ ಎಥಿಲ್ ವೆನಿಲಿನ್ ಕೃತಕ ವರ್ಗದ್ದು. ನಿಮ್ಮ ಮಗಳ ಮಟ್ಟಿಗೆ ಆ ಸಾಲು ಮುಖ್ಯವಲ್ಲ. ಕಸ್ಟರ್ಡಿನಲ್ಲಿ 102 ಅಥವಾ 110 ಎಂಬ ಬಣ್ಣದ ಸಂಖ್ಯೆ ಕಂಡರೆ, ಕೆಲವರಿಗೆ ಅವು ದದ್ದು ತರಬಹುದೆಂಬುದು ನೆನಪಿರಲಿ. ಹಿಂದೆ ಅಂಥದ್ದೇನೂ ಆಗದವರು ಅದಕ್ಕೆ ಹೆದರಬೇಕಾಗಿಲ್ಲ. ಮದುವೆಯ ಊಟದಲ್ಲಿ ಲೇಬಲೇ ಇರುವುದಿಲ್ಲ. ಅಲ್ಲಿ ಸಲಾಡಿನ ಬದಲು ಒಂದು ಹೋಳಿಗೆ ಹಾಕಿಸಿಕೊಂಡು, ಹಾಲನ್ನು ಬಿಟ್ಟು ತುಪ್ಪ ಹಾಕಿಸಿಕೊಳ್ಳಲಿ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ.